ಮಗು ನಿಮ್ಮ ಕೋಣೆಯಲ್ಲೇ ಮಲಗಲಿ, ಆದರೆ ಅದರದ್ದೇ ಹಾಸಿಗೆಯಲ್ಲಿ

ತಂಗೀ,

ನೀನು ಬರೆದದ್ದನ್ನು ಸೋಮವಾರಪೇಟೆಯಲ್ಲಿ, ತವರುಮನೆಯ ಜಗಲಿಯಲ್ಲಿ ಕೂತು ಓದಿದೆ. ಮಕ್ಕಳ ರಜಕ್ಕೆ ಅಂತ ಸ್ಕಾಟ್ಲೆಂಡಿನಿಂದ ಬಂದು ಎರಡು ವಾರ ಆಯಿತು. ಆಷಾಢದ ಮಳೆ ಮೂರು ದಿನದಿಂದ ಬಿಟ್ಟಿಲ್ಲ. ಕರೆಂಟು ಬಂದು ಬಂದು ಹೋಗುತ್ತಿದೆ. ಒಳಕೋಣೆಯಲ್ಲಿ ನಮ್ಮ ಮನೆಯ ಕೊನೆಯವಳು ಬಾಣಂತಿ. ಕೂಸಿಗೆ ಇವತ್ತಿಗೆ ಇಪ್ಪತ್ತೆರಡು ದಿನ. ಹಾಗಾಗಿ ನಿನ್ನ ಪ್ರಶ್ನೆಯನ್ನು ಸುಮ್ನೆ ಓದಿ ಬದಿಗಿಡೋಕೆ ಆಗಲಿಲ್ಲ.

ಕುಶಾಲನಗರದಿಂದ ಗ್ಲಾಸ್ಗೋಗೆ ಬಂದು ನಾಲ್ಕು ತಿಂಗಳು, ಹೊಟ್ಟೆಯಲ್ಲಿ ಏಳು ತಿಂಗಳ ಮಗು, ಹಳೇ ಕಲ್ಲಿನ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಮಲಗುವ ಕೋಣೆಯ ಮನೆ ಅಂತ ಬರೆದಿದ್ದೀಯ. ಗಂಡನ ಆಫೀಸಿನವರು "ಇಲ್ಲಿ ಮಗುವಿಗೆ ಮೊದಲ ದಿನದಿಂದಲೇ ಬೇರೆ ಕೋಣೆ" ಅಂದರಂತೆ. ಅತ್ತೆ ಫೋನಿನಲ್ಲಿ "ಎಳೇ ಕೂಸನ್ನ ಒಂಟಿಯಾಗಿ ಪೆಟ್ಟಿಗೇಲಿ ಹಾಕ್ತೀಯಾ, ಮಗ್ಗುಲಲ್ಲೇ ಹಾಕ್ಕೋ" ಅಂದರಂತೆ. ಈ ನಡುವೆ ನಿನ್ನ ಗಂಡ ಒಂದು ಕಾಟ್, ಅಂದರೆ ಮಗುವಿನ ಪುಟ್ಟ ಮಂಚ, ತಂದು ಕಿಟಕಿ ಕೆಳಗೆ ಇಟ್ಟಾಗಿದೆ. "ಅಕ್ಕಾ, ಎಲ್ಲಿ ಮಲಗಿಸಲಿ?" ಅಂತ ನೀನು ಕೇಳಿದ್ದೀಯ.

ನಿಮ್ಮ ಕೋಣೆಯಲ್ಲೇ ಮಲಗಿಸು. ನಿನ್ನ ಕೈಗೆ ಸಿಗುವಷ್ಟು ಹತ್ತಿರ, ಆದರೆ ಅದರದ್ದೇ ಆದ ಗಟ್ಟಿ, ಸಮತಟ್ಟು ಹಾಸಿಗೆಯಲ್ಲಿ. ಕನಿಷ್ಠ ಆರು ತಿಂಗಳು, ಹಗಲು ನಿದ್ದೆಗೂ ಹಾಗೇ. ಇದು ನನ್ನ ಮಾತಲ್ಲ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುವುದೂ ಇದನ್ನೇ. ಆಫೀಸಿನವರ ಮಾತು ತಲೆಗೆ ಹಚ್ಚಿಕೊಳ್ಳಬೇಡ. ನೀನಿರುವಂಥ ಕಟ್ಟಡಗಳಲ್ಲೇ ನೂರು ವರ್ಷದ ಹಿಂದೆ ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ಮಲಗುತ್ತಿತ್ತು. ಗೋಡೆಯೊಳಗೆ ಮಂಚಕ್ಕೆ ಅಂತಲೇ ಗೂಡು ಮಾಡಿರುತ್ತಿದ್ದರು, ಹಳೇ ಮನೆಗಳಲ್ಲಿ ಈಗಲೂ ಕಾಣುತ್ತದೆ. ಮಗುವನ್ನು ಬೇರೆ ಕೋಣೆಗೆ ಹಾಕುವುದು ಆ ಊರಿನ ಹಳೇ ಪದ್ಧತಿಯೇನಲ್ಲ.

ಅತ್ತೆ ಮಾತಿನಲ್ಲಿ ಮಾತ್ರ ಅರ್ಧ ಸತ್ಯ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ನೀನೂ ಅವರಿಗೆ ಹಾಗೇ ಹೇಳು. ಈಗ ಎದ್ದು ಹೋಗಿ ನಮ್ಮ ಬಾಣಂತಿ ಕೋಣೆ ನೋಡಿ ಬಂದೆ. ಹಲಗೆ ಮಂಚ. ಅದರ ಮೇಲೆ ಅರಳೆಯ ತೆಳು ಹಾಸಿಗೆ, ವರ್ಷಗಳಿಂದ ಮಲಗಿ ಮಲಗಿ ಹಪ್ಪಳದ ಹಾಗೆ ಗಟ್ಟಿಯಾದದ್ದು. ಅಮ್ಮ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಕೂಸು ಮಿಸುಕಿದರೆ ತಾಯಿಗಿಂತ ಮೊದಲು ಅಮ್ಮನೇ ಏಳುತ್ತಾಳೆ. ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಬೋರಲು ಹಾಕಿದ ಬಿದಿರ ಬುಟ್ಟಿ, ಬುಟ್ಟಿ ಮೇಲೆ ಒಣಗುವ ಬಟ್ಟೆ. ಹೆಂಚಿನ ಸಂದಿಯಿಂದ ಗಾಳಿ ಬರುತ್ತಲೇ ಇರುತ್ತದೆ.

ನಿನ್ನ ಕೋಣೆ ಹಾಗಿಲ್ಲ, ಅಲ್ವಾ? ಕೈ ಊರಿದರೆ ಇಳಿದು ಹೋಗುವ ದಪ್ಪ ಹಾಸಿಗೆ. ಮೇಲೆ ಇಬ್ಬರಿಗೂ ಸೇರಿ ಒಂದು ದೊಡ್ಡ ಡುವೆ, ಅದೇ ದಪ್ಪ ಮೆತ್ತನೆ ಹೊದಿಕೆ. ತಲೆಗೆ ಎರಡೆರಡು ಮೆತ್ತನೆ ದಿಂಬು. ಪಕ್ಕದಲ್ಲಿ ಎದ್ದು ನೋಡುವ ಅಮ್ಮ ಇಲ್ಲ, ಹಗಲೆಲ್ಲ ದುಡಿದು ಸುಸ್ತಾದ ನೀವಿಬ್ಬರೇ. ಎಳೇ ಮಗುವಿಗೆ ತಲೆ ಎತ್ತಿ ಮೂಗು ಬಿಡಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಮೆತ್ತನೆ ಜಾಗಕ್ಕೆ ಮುಖ ತಿರುಗಿದರೆ ಅಳೋಕೂ ಆಗುವುದಿಲ್ಲ. ಮಗು ತಾಯಿ ಹತ್ತಿರ ಇರಬೇಕು ಅನ್ನುವ ನಮ್ಮವರ ಮಾತು ಸರಿ. ಬದಲಾಗಿರುವುದು ಹಾಸಿಗೆ.

ನನ್ನ ಮೊದಲ ಮಗುವಿನ ಕಾಲದ ಒಂದು ರಾತ್ರಿ ಹೇಳುತ್ತೇನೆ. ಅವನಿಗಾಗ ಐದು ವಾರ. ಅಮ್ಮ ಊರಿಗೆ ವಾಪಸ್ ಹೋಗಿ ಮೂರು ದಿನ ಆಗಿತ್ತು. ಗಂಡನಿಗೆ ಬೆಳಗ್ಗೆ ಕೆಲಸ, ಎಬ್ಬಿಸುವುದು ಬೇಡ ಅಂತ ಮಗುವನ್ನು ಎತ್ತಿಕೊಂಡು ಹಾಲಿಗೆ ಬಂದು ಸೋಫಾ ಮೇಲೆ ಕೂತು ಹಾಲು ಕೊಡುತ್ತಿದ್ದೆ. ಗಡಿಯಾರ ಮೂರು ಗಂಟೆ ತೋರಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕುತ್ತಿಗೆ ನೋವಿನಿಂದ ಎಚ್ಚರ ಆದದ್ದು. ಕೈ ಖಾಲಿ. ಮಗು ನನ್ನ ಮೊಣಕೈ ಮತ್ತು ಸೋಫಾ ಬೆನ್ನಿನ ನಡುವೆ ಜಾರಿ, ಕೆನ್ನೆ ಬಟ್ಟೆಗೆ ಒತ್ತಿಕೊಂಡು ಮಲಗಿತ್ತು. ಎತ್ತಿದಾಗ ಆ ಕೆನ್ನೆಯ ಮೇಲೆ ಸೋಫಾ ನೇಯ್ಗೆಯ ಅಚ್ಚು ಬಿದ್ದಿತ್ತು. ಅವನಿಗೆ ಏನೂ ಆಗಲಿಲ್ಲ. ಆದರೆ ಆ ಅಚ್ಚು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಸೋಫಾ ಅಥವಾ ಒರಗು ಕುರ್ಚಿಯಲ್ಲಿ ಮಗುವಿನ ಜೊತೆ ನಿದ್ದೆ ಹೋದರೆ ನಿದ್ದೆಯಲ್ಲೇ ಸಾವಾಗುವ ಅಪಾಯ 50 ಪಟ್ಟಿನವರೆಗೂ ಏರಬಹುದು ಅಂತ ಅಲ್ಲಿ ಮಕ್ಕಳ ಸುರಕ್ಷಿತ ನಿದ್ದೆಗಾಗಿ ಕೆಲಸ ಮಾಡುವ ಲಲಬೈ ಟ್ರಸ್ಟ್ ಎಚ್ಚರಿಸುತ್ತದೆ. ನನಗೆ ಇದು ಗೊತ್ತಾದದ್ದು ಆ ರಾತ್ರಿಯ ನಂತರ. ನಿನಗೆ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಕಾಟ್ ಮಂಚದ ಪಕ್ಕದಲ್ಲೇ ಇರಲಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ. ದೂರ ಇದ್ದರೆ ನೀನು ಏಳುತ್ತೀಯ, ನಡೆಯುತ್ತೀಯ, ಎಲ್ಲಾದರೂ ಕೂರುತ್ತೀಯ. ಕೂತಲ್ಲಿ ನಿದ್ದೆ ಬರುತ್ತದೆ. ಪಕ್ಕದಲ್ಲಿದ್ದರೆ ಕೈ ಚಾಚಿ ಎತ್ತಿಕೊಂಡು ಕುಡಿಸಿ ಮತ್ತೆ ಅಲ್ಲೇ ಮಲಗಿಸಬಹುದು. ಸಿಸೇರಿಯನ್ ಆದರಂತೂ ಮೊದಲ ವಾರಗಳಲ್ಲಿ ಬಗ್ಗಿ ಏಳುವುದೇ ಕಷ್ಟ.

ಇನ್ನು ನಿನ್ನ ಗಂಡ ಇಟ್ಟ ಜಾಗ. ಅವನ ತಪ್ಪಿಲ್ಲ, ಆ ಮನೆಗಳಲ್ಲಿ ಖಾಲಿ ಕಾಣುವ ಜಾಗ ಅದೊಂದೇ. ಆದರೆ ಕಿಟಕಿ ಕೆಳಗೇ ಸಾಮಾನ್ಯವಾಗಿ ಕೋಣೆ ಬಿಸಿ ಮಾಡುವ ರೇಡಿಯೇಟರ್ ಇರುತ್ತದೆ. ಜುಲೈನಲ್ಲಿ ಅದು ತಣ್ಣಗಿದೆ, ನಿಮಗೆ ಗೊತ್ತಾಗುವುದಿಲ್ಲ. ಮಗು ಬರುವುದು ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ ಅದನ್ನು ಹಾಕುತ್ತೀರಿ. ಆಗ ಕಾಟ್‌ನ ಒಂದು ಬದಿ ಬಿಸಿ, ಮೇಲಿಂದ ಹಳೇ ಕಿಟಕಿಯ ಚಳಿಗಾಳಿ. ಪರದೆ ಎಳೆಯುವ ದಾರ ಬೇರೆ ಅಲ್ಲೇ ನೇತಾಡುತ್ತಿರುತ್ತದೆ. ಮಗು ಕೈ ಚಾಚುವ ಹೊತ್ತಿಗೆ ಆ ದಾರ ಕುತ್ತಿಗೆಗೆ ಕುಣಿಕೆಯಾಗಬಹುದು. ಹೊರಗೋಡೆಯ ಮೂಲೆಯನ್ನೂ ಒಮ್ಮೆ ಮುಟ್ಟಿ ನೋಡು. ಕಲ್ಲಿನ ಗೋಡೆ ತಣ್ಣಗಿರುತ್ತದೆ, ನಮ್ಮ ಉಸಿರಿನ ತೇವ ಅಲ್ಲಿ ಕೂತು ಚಳಿಗಾಲಕ್ಕೆ ಕಪ್ಪು ಬೂಷ್ಟು ಬರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೆ ಬರುತ್ತದಲ್ಲ, ಹಾಗೇ.

ಕಾಟನ್ನು ಒಳಗೋಡೆ ಕಡೆ, ನೀನು ಮಲಗುವ ಬದಿಗೆ ತರಬೇಕು. ಜಾಗ ಸಾಲದಿದ್ದರೆ ಮಂಚವನ್ನು ಗಂಡನ ಬದಿಯ ಗೋಡೆ ಕಡೆ ಸರಿಸಿ, ಒಂದು ಬಟ್ಟೆ ಬೀರು ಹಾಲಿಗೆ ಹೋಗಲಿ. ನಾವೂ ಹಾಗೇ ಮಾಡಿದೆವು. ರಾತ್ರಿ ನೀನು ಓಡಾಡುವ ದಾರಿಯಲ್ಲಿ ಕಾಟ್ ಅಡ್ಡ ಬರಬಾರದು. ತಲೆ ಮೇಲೆ ಕಪಾಟು, ಭಾರದ ಫೋಟೋ ಇರಬಾರದು.

ಬೆಚ್ಚಗಿಡುವ ವಿಷಯದಲ್ಲಿ ನಮ್ಮೂರಿನವರು ಜಾಸ್ತಿ ಎಡವುತ್ತೇವೆ. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅಂತ ಕರೆಯುತ್ತಾರೆ, ಮಳೆ ಮಂಜು ನೋಡಿದರೆ ಹೌದು ಅನ್ನಿಸುತ್ತದೆ. ಆದರೆ ನಮ್ಮ ಚಳಿ ಮನೆಯೊಳಗೂ ಇರುತ್ತದೆ, ಅವರ ಚಳಿ ಬಾಗಿಲ ಹೊರಗೇ ನಿಲ್ಲುತ್ತದೆ. ನಮ್ಮಲ್ಲಿ ಕುಲಾವಿ, ಕಾಲುಚೀಲ, ಎರಡು ಸುತ್ತು ಬಟ್ಟೆ ಬೇಕಾಗುತ್ತದೆ. ಅಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಅದನ್ನೇ ಮಾಡಿದರೆ ಮಗು ಬೇಯುತ್ತದೆ, ಮತ್ತು ಮೈ ಹೀಗೆ ಕಾಯುವುದು ನಿದ್ದೆಯಲ್ಲಿನ ಸಾವಿನ ಅಪಾಯ ಹೆಚ್ಚಿಸುತ್ತದೆ ಅಂತ ಗುರುತಿಸಿದ್ದಾರೆ. ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು. ನಮಗೆ ಅದು ತಣ್ಣಗೇ ಅನ್ನಿಸುತ್ತದೆ. ಆ ಚಳಿಗೆ 2.5 ಟಾಗ್ (ಎಷ್ಟು ಬೆಚ್ಚಗಿಡುತ್ತದೆ ಅನ್ನುವ ಅಳತೆ) ಅಂತ ಬರೆದಿರುವ ಮಲಗುವ ಚೀಲ ಸಿಗುತ್ತದೆ, ಒಳಗೆ ಹತ್ತಿಯ ಒಂದು ಅಂಗಿ ಹಾಕಿದರೆ ಆಯಿತು. ಆಮೇಲೆ ಕಂಬಳಿ ಹೊದಿಸುವ ಮಾತೇ ಇಲ್ಲ. ತಲೆ ಬರಿದಾಗಿರಲಿ, ಎಳೇ ಮಗು ಜಾಸ್ತಿಯಾದ ಮೈ ಬಿಸಿಯನ್ನು ಅಲ್ಲಿಂದಲೂ ಹೊರಗೆ ಬಿಡುತ್ತದೆ.

ಅಮ್ಮ ಯಾವಾಗಲೂ ಕಾಲು ಮುಟ್ಟಿ "ಕೂಸು ತಣ್ಣಗಾಗಿದೆ" ಅನ್ನುತ್ತಿದ್ದಳು. ಎಳೇ ಮಕ್ಕಳ ಕೈಕಾಲು ತಣ್ಣಗೇ ಇರುತ್ತವೆ. ಎದೆ ಮೇಲೆ, ಇಲ್ಲವೇ ಕತ್ತಿನ ಹಿಂದೆ ಎರಡು ಬೆರಳು ಇಟ್ಟು ನೋಡು. ಬೆವರಿದ್ದರೆ ಒಂದು ಬಟ್ಟೆ ತೆಗಿ.

ಕಾಟ್ ಒಳಗೆ ಮಗು ಬಿಟ್ಟು ಬೇರೇನೂ ಬೇಡ. ಗೊಂಬೆ, ಸುತ್ತ ಕಟ್ಟುವ ಮೆತ್ತೆ, ದಿಂಬು, ಯಾವುದೂ. ತಲೆ ಗುಂಡಗಾಗಲಿ ಅಂತ ಅಮ್ಮ ಊರಿಂದ ಸಾಸಿವೆ ದಿಂಬು ಹೊಲಿದು ತಂದಿದ್ದಳು. ಹಳದಿ ಬಟ್ಟೆ, ಅಂಚಿಗೆ ಕೆಂಪು ದಾರದ ಹೊಲಿಗೆ. ಬೇಡ ಅನ್ನುವಾಗ ನನಗೇ ಹೊಟ್ಟೆ ಕಿವುಚಿದ ಹಾಗಾಯಿತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ತಲೆ ಚಪ್ಪಟೆ ಆಗದಿರಲು ಎಚ್ಚರ ಇರುವಾಗ, ನಾವು ಎದುರಿಗೇ ಕೂತು ಮಗುವನ್ನು ಬೋರಲು ಹಾಕಿ ಆಡಿಸಬೇಕು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ, ಪಾದ ಕಾಟ್‌ನ ಕೊನೆಗೆ ತಾಗುವಂತೆ. ಬ್ರಿಟನ್ನಿನಲ್ಲಿ 1991ರಲ್ಲಿ ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರುವಾಯಿತು. ಆಮೇಲೆ ನಿದ್ದೆಯಲ್ಲಿ ಆಗುವ ಇಂಥ ಸಾವುಗಳು ಐದರಲ್ಲಿ ನಾಲ್ಕು ಪಾಲಿನಷ್ಟು ಕಡಿಮೆಯಾಗಿವೆ. ಅಂಗಾತ ಮಲಗಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕುತ್ತೆ ಅಂತ ಅತ್ತೆ ಹೆದರಬಹುದು. ಆರೋಗ್ಯವಾಗಿರುವ ಮಗು ಅದನ್ನು ನುಂಗುತ್ತದೆ ಅಥವಾ ಉಗುಳುತ್ತದೆ. ಕೊರಳಿನ ಕಪ್ಪುದಾರ, ತಾಯಿತ ಮಲಗಿಸುವಾಗ ಬಿಚ್ಚಿಡು. ದೃಷ್ಟಿಗೆ ಅಂತ ಅಮ್ಮ ಹಾಸಿಗೆ ಕೆಳಗೆ ಅಡಕತ್ತರಿ ಇಟ್ಟಿದ್ದಳು. ನಾನು ಅದನ್ನು ಬಾಗಿಲ ಚೌಕಟ್ಟಿನ ಮೇಲಿಟ್ಟೆ, ಅವಳೂ ಒಪ್ಪಿದಳು.

ಕೊಳ್ಳುವುದಕ್ಕೆ ಅವಸರ ಬೇಡ. ಸ್ಕಾಟ್ಲೆಂಡಿನಲ್ಲಿ 2017ರ ಆಗಸ್ಟಿನಿಂದ ಹುಟ್ಟುವ ಎಲ್ಲ ಮಕ್ಕಳಿಗೂ ಸರ್ಕಾರವೇ ಒಂದು ಬೇಬಿ ಬಾಕ್ಸ್ ಕೊಡುತ್ತದೆ. ಫಿನ್ಲೆಂಡಿನವರು 1938ರಿಂದ ಮಾಡುತ್ತಿದ್ದದ್ದನ್ನು ನೋಡಿ ತಂದದ್ದು. ಬಟ್ಟೆಬರೆ, ಥರ್ಮಾಮೀಟರ್ ಎಲ್ಲ ಇರುತ್ತವೆ, ಅಡಿಯಲ್ಲಿ ಅಳತೆಗೆ ಸರಿಯಾದ ಹಾಸಿಗೆ. ಆ ಪೆಟ್ಟಿಗೆಯಲ್ಲೇ ಮಗುವನ್ನು ಮಲಗಿಸಬಹುದು. ನನ್ನ ಎರಡನೆಯವಳು ಮೊದಲ ಎರಡು ತಿಂಗಳು ಅದರಲ್ಲೇ ಹಗಲು ಮಲಗಿದಳು. ಮುಚ್ಚಳ ತೆಗೆದಿಡಬೇಕು, ಮಗು ಒಳಗಿರುವಾಗ ಎತ್ತಿ ಓಡಾಡಬಾರದು. ಇನ್ನೂ ಹೆಸರು ಬರೆಸಿಲ್ಲದಿದ್ದರೆ ಈ ಸಲ ಮಿಡ್‌ವೈಫ್ ಸಿಕ್ಕಾಗಲೇ ಕೇಳು. ಅತ್ತೆಗೆ ಪೆಟ್ಟಿಗೆ ಅನ್ನಬೇಡ, ತೊಟ್ಟಿಲು ಅನ್ನು. ತೊಟ್ಟಿಲಿಗೆ ಹಾಕುವ ಶಾಸ್ತ್ರವನ್ನೂ ಅದರಲ್ಲೇ ಮಾಡಿ, ವಿಡಿಯೋ ಕಾಲ್‌ನಲ್ಲಿ ತೋರಿಸು.

ಮಂಚಕ್ಕೆ ಕಟ್ಟುವ ಒಂದು ಬದಿ ತೆರೆದ ಪುಟ್ಟ ಕಾಟ್ ಸಿಗುತ್ತದೆ. ನಿನ್ನಂಥ ಸಣ್ಣ ಕೋಣೆಗೆ ನನಗೆ ಅದೇ ಇಷ್ಟ. ಎರಡೂ ಹಾಸಿಗೆ ಒಂದೇ ಎತ್ತರಕ್ಕೆ ಬರಬೇಕು, ನಡುವೆ ಸಂದಿ ಇರಬಾರದು, ಪಟ್ಟಿ ಬಿಗಿಯಾಗಿರಬೇಕು. ಯಾರಾದರೂ ಹಳೇ ಕಾಟ್ ಕೊಟ್ಟರೆ ತಗೋ, ಹಾಸಿಗೆ ಮಾತ್ರ ಹೊಸದು ಕೊಳ್ಳು. ಸೀರೆಯ ಜೋಲಿ ಕಟ್ಟುವ ಆಸೆ ಇದ್ದರೆ ಬಿಟ್ಟುಬಿಡು. ಬೆನ್ನು ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿಗೆ ಕಷ್ಟ. ಇಲ್ಲಿ ನಮ್ಮವಳಿಗೂ ಹೇಳಿ ಬಿಡಿಸಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಯಾವುದೋ ರಾತ್ರಿ ಮಗುವನ್ನು ನಿನ್ನ ಮಗ್ಗುಲಲ್ಲಿ ಹಾಕಿಕೊಳ್ಳಬೇಕಾಗುತ್ತದೆ. ಎಲ್ಲ ತಾಯಂದಿರಿಗೂ ಅದು ಬರುತ್ತದೆ. ನಿದ್ದೆ ಬರುವ ಹಾಗಿದ್ದರೆ ಸೋಫಾಗೆ ಹೋಗಲೇಬೇಡ, ಮಂಚವೇ ವಾಸಿ. ದಿಂಬು, ಡುವೆ ಮಗುವಿನಿಂದ ದೂರ ತೆಗೆದು, ಗೋಡೆ ಸಂದಿಗೆ ಬೀಳದ ಹಾಗೆ ಅಂಗಾತ ಮಲಗಿಸು. ಆದರೆ ನಿಮ್ಮಿಬ್ಬರಲ್ಲಿ ಯಾರಾದರೂ ಸಿಗರೇಟು ಸೇದುವವರಾದರೆ, ಆ ರಾತ್ರಿ ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತಗೊಂಡಿದ್ದರೆ, ಬೇಡವೇ ಬೇಡ. ಮಗು 37 ವಾರಕ್ಕೆ ಮುಂಚೆ ಹುಟ್ಟಿದ್ದರೆ ಅಥವಾ ತೂಕ 2.5 ಕಿಲೋಗಿಂತ ಕಡಿಮೆ ಇದ್ದರೂ ಅಷ್ಟೇ. ನಮ್ಮೂರಿನವರ ಕೂಟಗಳಲ್ಲಿ ಒಂದು ಪೆಗ್ ಅನ್ನುವುದು ಮರ್ಯಾದೆಯ ಮಾತು, ನನಗೂ ಗೊತ್ತು. ಆ ರಾತ್ರಿ ನಿನ್ನ ಗಂಡ ಹಾಲಿನಲ್ಲಿ ಮಲಗಲಿ. ಇದನ್ನು ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ನಿಮ್ಮ ಅಮ್ಮ ಬಾಣಂತನಕ್ಕೆ ಬಂದರೆ ಎಣ್ಣೆನೀರು, ಮೆಣಸಿನ ಸಾರು ಎಲ್ಲ ಅವರ ಕೈಗೇ ಬಿಡು. ಕೂಸನ್ನು ಸಾಂಬ್ರಾಣಿ ಹೊಗೆಗೆ ಹಿಡಿಯುವುದು ಮಾತ್ರ ಬೇಡ. ಅದರ ಪುಪ್ಪುಸಕ್ಕೂ ಒಳ್ಳೆಯದಲ್ಲ, ಜೊತೆಗೆ 2022ರಿಂದ ಅಲ್ಲಿ ಮನೆಯ ಹೊಗೆ ಅಲಾರಂಗಳು ಒಂದಕ್ಕೊಂದು ಸೇರಿರಬೇಕು ಅಂತ ಕಾನೂನಿದೆ, ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಎರಡನೇ ವಾರಕ್ಕೆ ಹೆಲ್ತ್ ವಿಸಿಟರ್ ಮನೆಗೆ ಬರುತ್ತಾರೆ. ಅವರು ಬಂದಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ, ನೀನೇ ಕನ್ನಡದಲ್ಲಿ ಹೇಳುತ್ತಾ ಹೋಗು. ಮಗಳು ಹೇಳಿದರೆ ವಾದ ಆಗುವ ಮಾತು, ನರ್ಸಮ್ಮ ಹೇಳಿದರೆ ಕೇಳಿಸುತ್ತದೆ. ಕಾಟ್ ಇಟ್ಟ ಜಾಗವನ್ನೂ ಅವರಿಗೆ ತೋರಿಸು.

ನಾನು ಆಗಸ್ಟ್ ಮೊದಲ ವಾರ ಗ್ಲಾಸ್ಗೋಗೆ ಬರುತ್ತೇನೆ. ಮಂಚಕ್ಕೆ ಕಟ್ಟುವ ನಮ್ಮ ಕಾಟ್ ಇನ್ನೂ ಗಟ್ಟಿಯಾಗಿದೆ, ಪಟ್ಟಿ ನೋಡಿ ತಂದು ಕಟ್ಟಿಕೊಡುತ್ತೇನೆ. ನಿನ್ನ ಮಂಚ ನೆಲದಿಂದ ಹಾಸಿಗೆ ಮೇಲಿನವರೆಗೆ ಎಷ್ಟು ಎತ್ತರ ಅಂತ ಅಳೆದು ಕಳಿಸು. ಕುಶಾಲನಗರದಲ್ಲಿ ಅಮ್ಮನಿಗೆ ಹೇಳಿ ಹಳೇ ಹತ್ತಿ ಪಂಚೆ ಇದ್ದರೆ ಒಗೆದು ಒಣಗಿಸಿ ಇಡೋಕೆ ಹೇಳು. ಹೋಗುವ ದಾರಿಯಲ್ಲೇ ಮನೆ, ಇಳಿದು ತಗೊಂಡು ಬರುತ್ತೇನೆ.