ಲ್ಯಾಪ್‌ಟಾಪ್‌ನಿಂದಲೇ ಫೋನಿನ ಆ್ಯಪ್ ಮುಚ್ಚಿ ತೆರೆಯುವುದು

ನಮಸ್ಕಾರ. ಮಂಡ್ಯದ ನಿಮ್ಮ ಅಂಗಡಿಯ ಆಂಡ್ರಾಯ್ಡ್ ಫೋನಿನಲ್ಲಿ ಬಿಲ್ ಆ್ಯಪ್ ಆಗಾಗ ನಿಂತುಬಿಡುತ್ತದೆ, ಟಚ್ ಕೂಡ ಸರಿಯಿಲ್ಲ, ಲ್ಯಾಪ್‌ಟಾಪ್‌ನಿಂದ ಕಮಾಂಡ್ ಕೊಟ್ಟು ಮುಚ್ಚಿ ತೆರೆಯಬಹುದಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಲ್ಯಾಪ್‌ಟಾಪ್‌ನಿಂದ ಫೋನಿಗೆ ಕಮಾಂಡ್ ಕಳಿಸಲು ಗೂಗಲ್ ಉಚಿತವಾಗಿ ಕೊಡುವ ಎಡಿಬಿ ಎಂಬ ಸಾಫ್ಟ್‌ವೇರ್ ಸಾಕು.

ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒಳಗಿರುವ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. ಡೆವಲಪರ್ ಆಪ್ಷನ್ಸ್ ಬರುತ್ತದೆ, ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ. ಕೇಬಲ್ ಹಾಕಿದಾಗ ಫೋನು ಅನುಮತಿ ಕೇಳುತ್ತದೆ. ಟಚ್ ಪೂರ್ತಿ ಕೈಕೊಟ್ಟರೆ ಆ ಅನುಮತಿ ಒತ್ತುವುದೇ ಕಷ್ಟ ಅಲ್ವಾ? ಹಾಗಾಗಿ ಇಷ್ಟನ್ನು ಇವತ್ತೇ ಮುಗಿಸಿಬಿಡಿ.

ಕಮಾಂಡುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. 'ಎಡಿಬಿ ಶೆಲ್ ಪಿಎಂ ಲಿಸ್ಟ್ ಪ್ಯಾಕೇಜಸ್' ಕೊಟ್ಟರೆ ಎಲ್ಲ ಆ್ಯಪ್‌ಗಳ ಪ್ಯಾಕೇಜ್ ಹೆಸರು, ಅಂದರೆ ಫೋನು ಆ್ಯಪ್ ಗುರುತಿಸುವ ಒಳಹೆಸರು, ಸಿಗುತ್ತದೆ. 'ಎಡಿಬಿ ಶೆಲ್ ಎಎಂ ಫೋರ್ಸ್-ಸ್ಟಾಪ್' ಮುಂದೆ ನಿಮ್ಮ ಆ್ಯಪ್‌ನ ಪ್ಯಾಕೇಜ್ ಹೆಸರು ಹಾಕಿದರೆ ಅದು ಮುಚ್ಚುತ್ತದೆ. 'ಪಿಎಂ ಕ್ಲಿಯರ್' ಮಾತ್ರ ಕೊಡಲೇಬೇಡಿ, ಫೋನಿನಲ್ಲಿರುವ ಬಿಲ್‌ಗಳೆಲ್ಲ ಅಳಿಸಿಹೋಗುತ್ತವೆ. ಮತ್ತೆ ತೆರೆಯಲು 'ಎಡಿಬಿ ಶೆಲ್ ಮಂಕಿ -ಪಿ', ಪ್ಯಾಕೇಜ್ ಹೆಸರು, ಕೊನೆಗೆ 1.

ಬಟನ್ ಒತ್ತಲು 'ಎಡಿಬಿ ಶೆಲ್ ಇನ್‌ಪುಟ್ ಟ್ಯಾಪ್ 540 1200', ಹೀಗೆ ಆ ಬಟನ್ ಪರದೆಯ ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ ಎಂಬ ಎರಡು ಸಂಖ್ಯೆ ಕೊಡಿ. ಅಕ್ಷರ ಹಾಕಲು 'ಇನ್‌ಪುಟ್ ಟೆಕ್ಸ್ಟ್' ಇದೆ, ಆದರೆ ಅದರಲ್ಲಿ ಕನ್ನಡ ಹೋಗುವುದಿಲ್ಲ. ಗಿರಾಕಿ ಹೆಸರನ್ನು ಸದ್ಯಕ್ಕೆ ಇಂಗ್ಲಿಷಿನಲ್ಲೇ ಹಾಕಿ.