ಬಣ್ಣದ ಬೆಟ್ಟಗಳಿಗೆ ಕಾರಿನಲ್ಲಿ

ಪ್ರಶ್ನೆ: ಅರ್ಜೆಂಟೀನಾದ ಸಾಲ್ಟಾದಿಂದ ಬಾಡಿಗೆ ಕಾರಿನಲ್ಲಿ ಹೊರಟ ದಿನವೇ ಒರ್ನೊಕಾಲ್‌ನ ಬಣ್ಣದ ಬೆಟ್ಟ ನೋಡಬಹುದೇ?

ಉತ್ತರ: ದಯವಿಟ್ಟು ಬೇಡ. ಸಾಲ್ಟಾ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಒರ್ನೊಕಾಲ್ ವೀಕ್ಷಣಾ ತಾಣ 4,350 ಮೀಟರ್. ಒಮ್ಮೆಲೇ ಏರಿದರೆ ತಲೆನೋವು, ವಾಕರಿಕೆ ಕಾಡಬಹುದು. ದಾರಿಯಲ್ಲಿ ಸಿಗುವ, 2,300 ಮೀಟರ್‌ ಎತ್ತರದ ಪುರ್ಮಮಾರ್ಕಾ ಊರಿನಲ್ಲಿ ಎರಡು ರಾತ್ರಿ ತಂಗಿ. ಅಲ್ಲಿನ ಏಳು ಬಣ್ಣದ ಬೆಟ್ಟಕ್ಕೆ ಬೆಳಗಿನ ಬಿಸಿಲೇ ಚಂದ. ಒರ್ನೊಕಾಲ್‌ಗೆ ಮಧ್ಯಾಹ್ನದ ನಂತರದ್ದು. ತಿರುವುಮುರುವಾದರೆ ಬಣ್ಣವೆಲ್ಲ ಮಂಕು!

ಒರ್ನೊಕಾಲ್‌ಗೆ ಏರುವ ಮುನ್ನ ಸಿಗುವ ಉಮಾವಾಕಾ ಊರಿನಲ್ಲೇ ಟ್ಯಾಂಕ್ ತುಂಬಿಸಿ, ಸ್ಟೆಪ್ನಿಯ ಗಾಳಿ ನೋಡಿಕೊಳ್ಳಿ. ಮುಂದೆ ಸುಮಾರು 25 ಕಿ.ಮೀ. ಜಲ್ಲಿರಸ್ತೆ. ಗಾಳಿ ತೆಳುವಾದ್ದರಿಂದ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ಕಾರು ಕೆಟ್ಟಿತೆಂದು ಗಾಬರಿಯಾಗದೆ ಕೆಳ ಗೇರ್‌ನಲ್ಲಿ ಏರಿ. ಇಳಿಯುವಾಗಲೂ ಅದೇ ಗೇರ್, ಇಲ್ಲವಾದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಜನವರಿ, ಫೆಬ್ರವರಿ ಅಲ್ಲಿ ಮಳೆಗಾಲ.