ಅಮ್ಮನ ಓದಿಗೆ ಯಾವ ಇ-ರೀಡರ್?

ಪ್ರಶ್ನೆ: ನಮ್ಮ ಅಮ್ಮನಿಗೆ 66 ವರ್ಷ. ಮಧ್ಯಾಹ್ನ ಊಟ ಮುಗಿಸಿ ಕಾದಂಬರಿ ಹಿಡಿದರೆ ಏಳುವುದು ಸಂಜೆ ಕಾಫಿಗೇ. ಈಗ ಲೈಬ್ರರಿ ಪುಸ್ತಕಗಳ ಸಣ್ಣ ಅಕ್ಷರ ಕಾಣುವುದಿಲ್ಲ, ಮೊಬೈಲಿನಲ್ಲಿ ಓದಿದರೆ ಕಣ್ಣುರಿ ಅನ್ನುತ್ತಾರೆ. ಇ-ಪುಸ್ತಕ ಓದುವ ಯಂತ್ರ (ಇ-ರೀಡರ್) ಇದೆಯಲ್ಲ, ಅಮೆಜಾನ್‌ನವರ ಕಿಂಡಲ್, ಅದನ್ನು ಕೊಡಿಸೋಣ ಅಂತಿದ್ದೇನೆ. ಅವರು ಓದುವುದು ಕನ್ನಡ ಮಾತ್ರ. ಸರಿಹೋಗುತ್ತದಾ?
– ಓದುಗರೊಬ್ಬರು, ಸಾಗರ

ಉತ್ತರ: ಇ-ರೀಡರ್ ಕೊಡಿಸಿ, ಅದು ಒಳ್ಳೆಯ ಯೋಚನೆ. ಆದರೆ ಕಿಂಡಲ್‌ಗೆ ದುಡ್ಡು ಕೊಡುವ ಮುಂಚೆ ಸ್ವಲ್ಪ ತಡೆಯಿರಿ. ಅಮ್ಮನಿಗೆ ಬೇಕಾದ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಮೊದಲು ನೋಡಿ, ಯಂತ್ರ ಆಮೇಲೆ.

ಅಮೆಜಾನ್ 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕ ತಂದಿತು. ಆ ಐದರಲ್ಲಿ ಕನ್ನಡ ಇರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಕನ್ನಡದ ಇ-ಪುಸ್ತಕ ಜಾಸ್ತಿ ಸಿಗುವುದು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ತರಹದ ಕಡೆ, ಮತ್ತು ಅವನ್ನು ಓದಲು ಅವರವರ ಆ್ಯಪ್ ಬೇಕು. ಕಿಂಡಲ್‌ನಲ್ಲಿ ಆ ಆ್ಯಪ್ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಾಗಿ ನಿಮ್ಮ ಅಮ್ಮನಿಗೆ ಆಂಡ್ರಾಯ್ಡ್ ಇರುವ ಇ-ಇಂಕ್ ರೀಡರ್ ಸರಿ, ಬೂಕ್ಸ್ ಕಂಪನಿಯವು ಆ ತರಹದವು. ಪರದೆ ಕಾಗದದ ಹಾಗೇ ಇರುತ್ತದೆ, ಆ್ಯಪ್ ಕೂಡ ಹಾಕಿಕೊಳ್ಳಬಹುದು. ಕಿಂಡಲ್‌ನಷ್ಟು ದಿನ ಚಾರ್ಜ್ ನಿಲ್ಲುವುದಿಲ್ಲ, ಅದೊಂದು ಒಪ್ಪಿಕೊಳ್ಳಬೇಕು. ಇ-ಇಂಕ್‌ನಲ್ಲಿ ಪುಟ ಮೇಲೆ ಕೆಳಗೆ ಎಳೆದರೆ ಅಕ್ಷರ ಕಲಸಿದ ಹಾಗೆ ಕಾಣುತ್ತದೆ, ಅದಕ್ಕೇ ಆ್ಯಪ್‌ನಲ್ಲಿ ಪುಟ ತಿರುಗಿಸುವ ಆಯ್ಕೆ ಹಾಕಿ ಕೊಡಿ.

ಅಳತೆ ವಿಷಯದಲ್ಲಿ 6 ಇಂಚಿಗೆ ಹೋಗಬೇಡಿ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಅದಕ್ಕೆ ಸಾಲುಗಳ ನಡುವೆ ಜಾಗ ಬೇಕು, ಅದರ ಮೇಲೆ ಅಮ್ಮನಿಗೆ ಅಕ್ಷರವೂ ದೊಡ್ಡದಾಗಬೇಕು, ಇಷ್ಟಾದರೆ ಚಿಕ್ಕ ಪರದೆಯಲ್ಲಿ ನಾಲ್ಕು ಸಾಲು ಓದುವಷ್ಟರಲ್ಲಿ ಪುಟ ತಿರುಗಿಸಬೇಕಾಗುತ್ತದೆ. 7 ಅಥವಾ 8 ಇಂಚು ಇರಲಿ. ಪಿಪಿಐ, ಅಂದರೆ ಪರದೆಯ ಒಂದು ಇಂಚಿನಲ್ಲಿರುವ ಚುಕ್ಕಿಗಳ ಲೆಕ್ಕ, 300 ಇದೆಯಾ ನೋಡಿ. ಕಡಿಮೆ ಇದ್ದರೆ ಒತ್ತಕ್ಷರದ ಸಣ್ಣ ಸುರುಳಿಗಳು ಮಸುಕಾಗುತ್ತವೆ. ಬಣ್ಣದ ಪರದೆ ಬೇಡವೇ ಬೇಡ, ಅದರ ಪುಟ ಸ್ವಲ್ಪ ಮಬ್ಬು, ಕಾದಂಬರಿಗೆ ಬಣ್ಣ ಯಾಕೆ ಅಲ್ವಾ? ಬೆಳಕು ಹಳದಿಗೆ ತಿರುಗಿಸುವ ಸೌಲಭ್ಯ ಇದ್ದರೆ ರಾತ್ರಿ ಓದಿಗೆ ಹಿತ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ‘ರಾಷ್ಟ್ರ’, ‘ಸ್ತ್ರೀ’, ‘ಅರ್ಘ್ಯ’ ಇರುವ ಒಂದು ಪುಟ ತೆರೆಯಿರಿ. ಒತ್ತು ಬಿಡಿಬಿಡಿಯಾಗಿ ಪಕ್ಕದಲ್ಲಿ ಬಿದ್ದಿದ್ದರೆ ಅಥವಾ ಅರ್ಕಾವತ್ತು ಕಾಣದಿದ್ದರೆ ಬೇರೆ ಆ್ಯಪ್‌ನಲ್ಲಿ ನೋಡಿ, ಅಲ್ಲೂ ಹಾಗೇ ಇದ್ದರೆ ಆ ಯಂತ್ರ ಬಿಟ್ಟುಬಿಡಿ.

ಇನ್ನು ಹಳೆಯ ಕಾದಂಬರಿ. ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಕನ್ನಡದ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಬೇಕಾದಷ್ಟಿವೆ. ಆದರೆ ಅವು ಪುಟದ ಫೋಟೋ ಇದ್ದ ಹಾಗೆ. ಅಕ್ಷರ ದೊಡ್ಡದು ಮಾಡಿದರೆ ಇಡೀ ಪುಟವೇ ದೊಡ್ಡದಾಗಿ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಇವನ್ನು ನೆಮ್ಮದಿಯಾಗಿ ಓದಲು 10 ಇಂಚಿನದು ಬೇಕು, ಆದರೆ ಮಲಗಿ ಓದುವವರ ಕೈಗೆ ಅದು ಭಾರ. ಅಮ್ಮ ಕುರ್ಚಿಯಲ್ಲಿ ಕೂತು ಓದುತ್ತಾರಾ, ಮಲಗಿ ಓದುತ್ತಾರಾ ಅಂತ ಮೊದಲು ಅವರನ್ನೇ ಕೇಳಿ.